ದಂಡಿನ ಮಿಸ್ಸಿ

ನನಗೆ ಬುದ್ಧಿ ಬಂದಾಗಿನಿಂದ ಒಬ್ಬ ಇಂಗ್ಲಿಷ್ ಹುಡುಗಿಯ ಮೇಲೆ ಹೊಟ್ಟೆಕಿಚ್ಚು. ಅವಳನ್ನು ನಾನು ಒಮ್ಮೆಯೂ ನೋಡಿಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಅವಳು ಅಪ್ಪ ಅಮ್ಮನ ಜೊತೆ ದಂಡು ಸ್ಟೇಷನ್ನಿನಲ್ಲಿ ರೈಲು ಹತ್ತಿ ಊರು ಬಿಟ್ಟಿದ್ದಳು. ಬದುಕಿದ್ದರೆ ಈಗ ಅವಳೂ ನನ್ನಮ್ಮನ ಹಾಗೆ ತೊಂಬತ್ತರ ಆಸುಪಾಸಿನ ಮುದುಕಿ. ಆದರೆ ನಮ್ಮ ಮನೆಯಲ್ಲಿ ಅವಳಿಗೆ ವಯಸ್ಸೇ ಆಗಲಿಲ್ಲ. ಹತ್ತು ವರ್ಷದವಳಾಗಿಯೇ ಉಳಿದು, ನನ್ನ ಬಾಲ್ಯದುದ್ದಕ್ಕೂ ನನ್ನ ಪಕ್ಕದಲ್ಲಿ ನಿಂತು, ನನಗಿಂತ ಚೆನ್ನಾಗಿ ಕಾಣುತ್ತಿದ್ದಳು.

ಅಮ್ಮ ಹುಟ್ಟಿ ಬೆಳೆದದ್ದು ದಂಡಿನಲ್ಲಿ. ಆಗ ಬೆಂಗಳೂರೆಂದರೆ ಎರಡು ಊರು. ಮಹಾರಾಜರ ಪೇಟೆ ಒಂದು, ಬ್ರಿಟಿಷರ ಪಟಾಲಮ್ಮುಗಳಿದ್ದ ದಂಡು ಇನ್ನೊಂದು. ತಾತ ಶಿವಾಜಿನಗರದಲ್ಲಿ ದರ್ಜಿ. ಅಮ್ಮನ ಬಾಯಲ್ಲಿ ಆ ಜಾಗ ಇವತ್ತಿಗೂ ಬ್ಲಾಕ್‌ಪಲ್ಲಿಯೇ. ಮೊದಮೊದಲು ಸೋಜರರ, ಅಂದರೆ ಬಿಳಿಯ ಸಿಪಾಯಿಗಳ, ಷರಾಯಿ ಗಿಡ್ಡ ಮಾಡಿಕೊಡುವುದು, ಕಿತ್ತುಹೋದ ಗುಂಡಿ ಹಾಕುವುದು, ಇಷ್ಟೇ ಅವರ ಕೆಲಸ. ಕೈ ಚೆನ್ನಾಗಿದೆ ಎಂದು ಗೊತ್ತಾದ ಮೇಲೆ ಸಾರ್ಜೆಂಟರ ಹೆಂಡತಿಯರು ಮನೆಗೇ ಕರೆಸಿಕೊಳ್ಳತೊಡಗಿದರು. ಹಲಸೂರು ಕೆರೆಯ ಕಡೆಗಿದ್ದ ಒಂದು ಕ್ವಾರ್ಟರ್ಸಿನ ವರಾಂಡದಲ್ಲಿ ಕೈಮಿಷನ್ ಇಟ್ಟುಕೊಂಡು ತಾತ ದಿನವಿಡೀ ಹೊಲಿಯುತ್ತಿದ್ದರು. ಅಮ್ಮನಿಗೆ ತಾಯಿ ಇರಲಿಲ್ಲ. ಮಗಳನ್ನು ಒಬ್ಬಳನ್ನೇ ಮನೆಯಲ್ಲಿ ಬಿಡಲಾರದೆ ತಾತ ಜೊತೆಗೇ ಕರೆದುಕೊಂಡು ಹೋಗುತ್ತಿದ್ದರು. ಆ ಮನೆಯ ಹುಡುಗಿಯೇ ಮಿಸ್ಸಿ. ಅವಳಿಗೊಂದು ಸರಿಯಾದ ಹೆಸರಿದ್ದಿರಬೇಕು. ಆದರೆ ಅಡುಗೆಯವನು, ಮಾಲಿ, ಆಯಾ, ತಾತ ಎಲ್ಲರೂ ಕರೆಯುತ್ತಿದ್ದದ್ದು ಮಿಸ್ಸಿ ಎಂದೇ.

ನಾನು ಬೆಳೆದದ್ದು ಜಯನಗರದಲ್ಲಿ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನೇರವಾದ ರಸ್ತೆಗಳು, ಒಂದೇ ಅಳತೆಯ ಸೈಟುಗಳು, ಸಂಜೆಯಾದರೆ ಗೇಟಿನ ಮುಂದೆ ಕುಂಟೇಬಿಲ್ಲೆ. ಕೆಟ್ಟ ಬಾಲ್ಯವೇನಲ್ಲ. ಆದರೆ ಅಮ್ಮ ದಂಡಿನ ಮಾತೆತ್ತಿದರೆ ನನ್ನ ಜಯನಗರ ಸಪ್ಪೆಯಾಗಿಬಿಡುತ್ತಿತ್ತು. ಬೆಳಿಗ್ಗೆ ಬ್ಯಾರಕ್ಸಿನಲ್ಲಿ ತುತ್ತೂರಿ ಊದಿದರೆ ಬ್ಲಾಕ್‌ಪಲ್ಲಿಯ ಹೆಂಗಸರು ಒಲೆ ಹಚ್ಚುತ್ತಿದ್ದರಂತೆ. ಭಾನುವಾರ ಪಟಾಲಮ್ಮು ಚರ್ಚಿಗೆ ಹೋಗುವಾಗ ಮುಂದೆ ಬ್ಯಾಂಡು, ಹಿಂದೆ ಬೂಟುಗಳ ಸದ್ದು, ಅದರ ಹಿಂದೆ ಕೇರಿಯ ಮಕ್ಕಳೆಲ್ಲ ಕೈ ಬೀಸುತ್ತ ಮಾರ್ಚು ಮಾಡುತ್ತಿದ್ದರಂತೆ. ಸಂಬಳವಾದ ದಿನ ಕುಡಿದ ಸೋಜರರು ಜಟಕಾದವನನ್ನು ಹಿಂದಿನ ಸೀಟಿನಲ್ಲಿ ಸಾಹೇಬನ ಹಾಗೆ ಕೂರಿಸಿ, ತಾವೇ ಲಗಾಮು ಹಿಡಿದು ಓಡಿಸುತ್ತಿದ್ದರಂತೆ. ಒಬ್ಬ ಎಳೆ ಸೋಜರ ಮೆಣಸಿನಕಾಯಿ ಬೋಂಡಾ ಇಡಿಯಾಗಿ ಬಾಯಿಗೆ ಹಾಕಿಕೊಂಡು ಬೀದಿಯಲ್ಲೇ ಅತ್ತನಂತೆ. ಬೋಂಡಾ ಮಾರುವ ಮುದುಕಿ ಅವನ ತಲೆ ಸವರಿ ಬೆಲ್ಲ ಕೊಟ್ಟಳಂತೆ. ಯುದ್ಧದ ಕಾಲಕ್ಕೆ ಊರಿನಲ್ಲಿ ಸೆರೆಯಲ್ಲಿಟ್ಟಿದ್ದ ಇಟಲಿಯವರನ್ನು ಲಾರಿಯಲ್ಲಿ ಕರೆದೊಯ್ಯುವಾಗ ಅವರು ಗಂಟಲೆತ್ತಿ ಹಾಡುತ್ತಿದ್ದರಂತೆ.

"ಸೆರೆಯಾಳುಗಳು ಯಾಕಮ್ಮ ಹಾಡ್ತಿದ್ರು?" ಎಂದು ಕೇಳಿದರೆ ಅಮ್ಮ, "ಹಾಡ್ತಿದ್ರು ಅಷ್ಟೇ. ನಿಂಗೇನು ಗೊತ್ತು ದಂಡು" ಎನ್ನುತ್ತಿದ್ದಳು.

ಆ ಮಾತು ನನಗೆ ಚುಚ್ಚುತ್ತಿತ್ತು. ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಫ್ರಾಕು. ಎದೆಯ ಮೇಲೆ ಸಣ್ಣ ಸಣ್ಣ ನೆರಿಗೆ ಹಿಡಿದು, ಬಣ್ಣದ ದಾರದಲ್ಲಿ ಜೇನುಗೂಡಿನ ಹಾಗೆ ಹೊಲಿಯುವ ಕೆಲಸವನ್ನು ಅಮ್ಮ ಆ ವರಾಂಡದಲ್ಲಿ ಕಲಿತಿದ್ದಳು. ನನಗೆ ಹುಟ್ಟುಹಬ್ಬಕ್ಕೊಂದು, ದೀಪಾವಳಿಗೊಂದು ಅಂಥ ಫ್ರಾಕು ಹೊಲಿಯುತ್ತಿದ್ದಳು. ಶಾಲೆಯಲ್ಲಿ ಟೀಚರುಗಳು ನನ್ನನ್ನು ನಿಲ್ಲಿಸಿ ತಿರುಗಿಸಿ ನೋಡುತ್ತಿದ್ದರು. ಅಕ್ಕಪಕ್ಕದವರು ತಮ್ಮ ಮಕ್ಕಳಿಗೂ ಹೊಲಿದುಕೊಡಿ ಎಂದು ಬಟ್ಟೆ ಹಿಡಿದು ಬರುತ್ತಿದ್ದರು. ಅಮ್ಮ ಮಾತ್ರ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಭುಜದ ಹೊಲಿಗೆಯನ್ನು ಎರಡು ಬೆರಳಿನಲ್ಲಿ ಎಳೆದು, "ಊಹೂಂ. ಅಲ್ಲಿ ಭುಜದ ಮೇಲೆ ನೆಟ್ಟಗೆ ಕೂತಿರ್ತಿತ್ತು" ಎನ್ನುತ್ತಿದ್ದಳು. ಎಷ್ಟು ಬಿಚ್ಚಿ ಹೊಲಿದರೂ ಅಷ್ಟೇ. ಒಂದು ಸಲ ನಾನು ಬೆನ್ನು ಸೆಟೆಸಿ, ಉಸಿರು ಬಿಗಿಹಿಡಿದು ನಿಂತೆ. ಅಮ್ಮ ನೋಡಿದಳು, ಸುಮ್ಮನೆ ಗುಂಡಿ ಬಿಚ್ಚಿದಳು. ಅವತ್ತು ನಾನು ಬಚ್ಚಲುಮನೆಗೆ ಹೋಗಿ ಅತ್ತೆ. ಸಮುದ್ರದಾಚೆ ಎಲ್ಲೋ ಇರುವ ಒಬ್ಬಳ ಭುಜ ನನ್ನ ಭುಜಕ್ಕಿಂತ ಅಮ್ಮನಿಗೆ ಹೆಚ್ಚಾಗಿತ್ತು.

ಲಂಗ ಬಂತು, ಸೀರೆ ಬಂತು, ಕೆಲಸ, ಮದುವೆ, ಮಕ್ಕಳು ಎಲ್ಲ ಬಂತು. ಮಿಸ್ಸಿ ಹೋಗಲಿಲ್ಲ. ನನ್ನ ಮಗಳಿಗೆ ಹೊಲಿದ ಫ್ರಾಕಿನ ಭುಜವನ್ನೂ ಅಮ್ಮ ಹಾಗೆಯೇ ಎಳೆದು ನೋಡಿದಳು.

ಅಪ್ಪ ಹೋದ ಮೇಲೆ ಅಮ್ಮ ಕೆಲವು ಕಾಲ ಅರೆಕೆರೆಯಲ್ಲಿ ನನ್ನ ತಮ್ಮನ ಜೊತೆಗಿದ್ದಳು. ಮಂಡಿ ನೋವಿಗೆ ಅವನ ಮನೆಯ ಮೆಟ್ಟಿಲು ಹತ್ತಲಾಗದೆ ನನ್ನ ಹತ್ತಿರ ಬಂದಳು. ನಾನೂ ಬ್ಯಾಂಕಿನಿಂದ ನಿವೃತ್ತಳಾಗಿದ್ದೆ. ನನ್ನ ಗಂಡ ಈಗಿಲ್ಲ, ಮಕ್ಕಳು ಬೇರೆ ಊರುಗಳಲ್ಲಿ; ಅಮ್ಮನೂ ನಾನೂ ಜಯನಗರದ ಈ ಮನೆಯಲ್ಲಿ ಇಬ್ಬರೇ. ಅವಳ ಸ್ನಾನ, ಮಾತ್ರೆ, ಕಣ್ಣಿನ ಡ್ರಾಪ್ಸು, ಸಂಜೆ ಕೈಹಿಡಿದು ಪಾರ್ಕಿನವರೆಗೆ ನಡೆಸುವುದು ಎಲ್ಲ ನನ್ನದೇ. ನನ್ನ ದೊಡ್ಡಸ್ತಿಕೆ ಹೇಳಿಕೊಳ್ಳಲಿಕ್ಕೆಂದಲ್ಲ, ಮುಂದೆ ಆದದ್ದು ನನ್ನನ್ನು ಯಾಕೆ ಅಷ್ಟು ನೋಯಿಸಿತು ಎನ್ನುವುದಕ್ಕೆ ಹೇಳಿದೆ.

ಹೋದ ವರ್ಷ ಒಂದು ಶನಿವಾರ ಪಕ್ಕದ ಮನೆಯವರ ಮೊಮ್ಮಗಳು ತನ್ನ ಗೆಳತಿಯೊಬ್ಬಳನ್ನು ಕರೆದುಕೊಂಡು ಬಂದಳು. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದ ಹುಡುಗಿ. ಹಳೆಯ ದಂಡಿನಲ್ಲಿ ಬದುಕಿದ್ದವರ ನೆನಪುಗಳನ್ನು ಅವರ ಬಾಯಲ್ಲೇ ಕೇಳಿ ರೆಕಾರ್ಡ್ ಮಾಡುವುದು ಅವಳ ಪ್ರಾಜೆಕ್ಟು.

"ಆಂಟಿ, ಅಜ್ಜಿ ಹತ್ರ ಸ್ವಲ್ಪ ಮಾತಾಡ್ಬಹುದಾ? ಅರ್ಧ ಗಂಟೆ ಸಾಕು."

"ಮಾತಾಡಮ್ಮ. ಆದ್ರೆ ಅವರಿಗೆ ಈಚೆಗೆ ಅಷ್ಟೊಂದು ಜ್ಞಾಪಕ ಇರಲ್ಲ. ಹೇಳಿದ್ದೇ ಹೇಳ್ತಾರೆ" ಎಂದೆ. ನಾನು ಹಾಗೆ ಅಂದುಕೊಂಡೇ ಇದ್ದೆ.

ಅರ್ಧ ಗಂಟೆ ಮಧ್ಯಾಹ್ನದ ಊಟದವರೆಗೂ ಎಳೆಯಿತು. ಹುಡುಗಿ ಮುಂದಿನ ಶನಿವಾರವೂ ಬಂದಳು, ಅದರ ಮುಂದಿನ ಶನಿವಾರವೂ ಬಂದಳು. ಅಮ್ಮ ಶುಕ್ರವಾರವೇ ತಲೆಗೆ ನೀರು ಹಾಕಿಸಿಕೊಳ್ಳತೊಡಗಿದಳು. ಶನಿವಾರ ಬೆಳಿಗ್ಗೆ ಎದ್ದವಳೇ, "ಆ ಹುಡುಗಿ ಬರ್ತಾಳೆ, ನನಗೆ ಆ ನೀಲಿ ಸೀರೆ ಕೊಡು" ಎನ್ನುವಳು. ಆ ನೀಲಿ ಸೀರೆ ನಾನು ತಂದುಕೊಟ್ಟದ್ದು. ಚುಚ್ಚುತ್ತದೆ ಎಂದು ಅಲ್ಲಿಯವರೆಗೆ ಒಂದು ದಿನವೂ ಉಟ್ಟಿರಲಿಲ್ಲ.

ಅವರಿಬ್ಬರೂ ಹಾಲಿನಲ್ಲಿ ಕೂತರೆ ನಾನು ಅಡುಗೆಮನೆಯಲ್ಲಿ. ಒಗ್ಗರಣೆಯ ಸದ್ದಿನ ನಡುವೆ ಅಮ್ಮನ ದನಿ ತುಂಡುತುಂಡಾಗಿ ಕೇಳುತ್ತಿತ್ತು. ನಾನು ಕೇಳಿದ್ದ ಕಥೆಗಳೇ, ಆದರೆ ನನಗೆ ಹೇಳಿದಾಗ ಇಲ್ಲದ ಸಂಗತಿಗಳು ಅದರಲ್ಲಿದ್ದವು. ಬೋಂಡಾ ತಿಂದು ಅತ್ತ ಸೋಜರ ಆಮೇಲೆ ದಿನಾ ಆ ಮುದುಕಿಯ ಹತ್ತಿರ ಬಂದು ಕೂರುತ್ತಿದ್ದನಂತೆ. ಅವಳಿಗೆ ಅವನ ಮಾತು ಬರದು, ಅವನಿಗೆ ಅವಳ ಮಾತು ಬರದು. ಒಂದು ದಿನ ಅವನ ಪಟಾಲಮ್ಮನ್ನು ಬರ್ಮಾದ ಕಡೆ ಕಳಿಸಿದರಂತೆ. ಮುದುಕಿ ತಿಂಗಳುಗಟ್ಟಲೆ ಬೆಲ್ಲದ ತುಂಡೊಂದನ್ನು ಎತ್ತಿಟ್ಟುಕೊಂಡು ಕಾದಳಂತೆ. ನಾನು ಸೌಟು ಹಿಡಿದು ನಿಂತುಬಿಟ್ಟೆ. ಆ ಕಥೆ ನಗುವ ಕಥೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅದರ ಅರ್ಧವನ್ನು ನನಗೆ ಕೊಟ್ಟು, ಇನ್ನರ್ಧವನ್ನು ಅಮ್ಮ ಈ ಹುಡುಗಿಗಾಗಿ ಇಟ್ಟುಕೊಂಡಿದ್ದಳೇ?

ಕಾಫಿ ಕೊಡಲು ಹೋದರೆ ಇಬ್ಬರೂ ಮಾತು ನಿಲ್ಲಿಸುವರು. ಹುಡುಗಿ ನಗುನಗುತ್ತ, "ಥ್ಯಾಂಕ್ಸ್ ಆಂಟಿ. ಅಜ್ಜಿ ಸಖತ್ತಾಗಿ ಮಾತಾಡ್ತಾರೆ. ನೀವು ತುಂಬಾ ಲಕ್ಕಿ" ಎನ್ನುವಳು. ನಾನು ಲೋಟ ಇಟ್ಟು ವಾಪಸು ಬರುವೆ. ಒಂದು ಶನಿವಾರ ಬೇಕೆಂದೇ ಅವಳ ಕಾಫಿಗೆ ಸಕ್ಕರೆ ಹಾಕಲಿಲ್ಲ. ಅವಳು ಅದನ್ನೂ ಚೆನ್ನಾಗಿದೆ ಎಂದು ಕುಡಿದಳು.

ಒಂದು ದಿನ ಅಮ್ಮ, "ನಾಳೆ ನಾವು ದಂಡಿಗೆ ಹೋಗ್ತಿದ್ದೀವಿ" ಎಂದಳು.

"ನಾವು ಅಂದ್ರೆ?"

"ನಾನು, ಆ ಹುಡುಗಿ. ಕಾರು ಬುಕ್ ಮಾಡ್ತಾಳಂತೆ."

"ಮಂಡಿ ನೋವು ಇಟ್ಕೊಂಡು ಯಾವ ದಂಡಿಗಮ್ಮ? ನಾನೆಷ್ಟು ಸಲ ಕರೆದೆ, ಆ ಕಡೆ ಹೋಗಿಬರೋಣ ಬಾ ಅಂತ. ಆಗೆಲ್ಲ ಬೇಡ ಅಂದೆ."

"ಆಗ ಬೇಡ ಅನ್ನಿಸ್ತು."

"ಹಾಗಾದ್ರೆ ನಾನೂ ಬರ್ತೀನಿ" ಎಂದೆ. ಅಮ್ಮ ಬಾ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ.

ಕಾರಿನಲ್ಲಿ ಅವರಿಬ್ಬರೂ ಹಿಂದೆ, ನಾನು ಡ್ರೈವರಿನ ಪಕ್ಕ. ದಾರಿಯುದ್ದಕ್ಕೂ ಅಮ್ಮ ಕಿಟಕಿಯಾಚೆಗೆ ಕೈ ತೋರಿಸುತ್ತಿದ್ದಳು. ಇಲ್ಲಿ ಸೋಜರರ ಸಿನಿಮಾ, ಇಲ್ಲಿ ಕೇಕಿನ ಅಂಗಡಿ, ಈ ಮೈದಾನದಲ್ಲಿ ಪರೇಡು. ಅವಳು ಹೇಳಿದ ಕಡೆಯಲ್ಲೆಲ್ಲ ನನಗೆ ಕಾಣುತ್ತಿದ್ದದ್ದು ಗಾಜಿನ ಕಟ್ಟಡ, ಮೆಟ್ರೋ ಕಂಬ. ಹುಡುಗಿ ಮಾತ್ರ ಎಲ್ಲ ಕಂಡವಳ ಹಾಗೆ ತಲೆಯಾಡಿಸುತ್ತಿದ್ದಳು.

ಹಲಸೂರಿನ ಕಡೆಯ ಆ ರಸ್ತೆಯಲ್ಲಿ ಕ್ವಾರ್ಟರ್ಸು ಇರಲಿಲ್ಲ. ಆ ಜಾಗದಲ್ಲೊಂದು ದೊಡ್ಡ ಅಪಾರ್ಟ್‌ಮೆಂಟು. ಅಮ್ಮ ಕಾರಿನಿಂದ ಇಳಿದು ಫುಟ್‌ಪಾತಿನ ಮೇಲೆ ನಿಂತು ಸುತ್ತ ನೋಡಿದಳು. ಮೂಲೆಯ ಹಳೆಯ ಮಳೆಮರವೊಂದರ ಗುರುತು ಹಿಡಿದು, ಅಲ್ಲಿಂದ ಅಂದಾಜು ಮಾಡಿ, ಗೇಟಿನ ಬಳಿ ಬಂದಳು. ಸೆಕ್ಯುರಿಟಿಯವನು ಎದ್ದು, "ಯಾರ್ ಮನೆಗೆ ಮೇಡಂ?" ಎಂದ.

"ಯಾರ ಮನೆಗೂ ಇಲ್ಲಪ್ಪ. ಇಲ್ಲೇ ನಿಂತ್ಕೋತೀನಿ" ಎಂದಳು ಅಮ್ಮ.

ಊರುಗೋಲನ್ನು ಹುಡುಗಿಯ ಕೈಗೆ ಕೊಟ್ಟಳು. ನಾನು ಪಕ್ಕದಲ್ಲೇ ಇದ್ದೆ, ನನ್ನ ಕೈಗೆ ಕೊಡಲಿಲ್ಲ. ಆಮೇಲೆ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಎರಡೂ ತೋಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿ, ಗಲ್ಲ ಮೇಲೆ ಮಾಡಿ ನಿಂತಳು. ಹೋಗುತ್ತಿದ್ದವರು ತಿರುಗಿ ನೋಡಿದರು. ಅಮ್ಮನಿಗೆ ಏನೋ ಆಯಿತು ಎಂದುಕೊಂಡು ನಾನು ಹಿಡಿಯಲು ಮುಂದೆ ಹೋದೆ.

"ಬಿಡಿ ಆಂಟಿ" ಎಂದಳು ಹುಡುಗಿ ಮೆಲ್ಲಗೆ. ಆಮೇಲೆ ಅಮ್ಮನಿಗೆ, "ಪಿನ್ನು ಚುಚ್ಚಿದ್ರೂ ಅಲ್ಲಾಡಬಾರದಿತ್ತು ಅಲ್ವಾ ಅಜ್ಜಿ?" ಎಂದಳು.

"ಅಲ್ಲಾಡಬಾರದು. ಅಲ್ಲಾಡಿದ್ರೆ ಅಪ್ಪ ಗದರ್ಕೊಳ್ತಿದ್ರು."

ಏನಿದು ಎಂದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದೆ ನಿಂತವಳು ನಾನೊಬ್ಬಳೇ ಎನ್ನುವುದು ಮಾತ್ರ ಅರ್ಥವಾಯಿತು. ಹುಡುಗಿ ನನ್ನ ಮುಖ ನೋಡಿ ಗಾಬರಿಯಾದಳು. "ಆಂಟಿ, ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ" ಎಂದಳು. ಆಮೇಲೆ ಅವಳೇ ಹೇಳಿದಳು. ಮಿಸ್ಸಿ ಒಂದು ಕಡೆ ನಿಲ್ಲುವ ಹುಡುಗಿಯಲ್ಲ. ಅಳತೆಗೆ ಕರೆದರೆ ನಾಯಿಯ ಹಿಂದೆ ಓಡುವಳು, ಪಿನ್ನು ಕಂಡರೆ ಕಿರುಚುವಳು. ದರ್ಜಿಯ ಮಗಳದ್ದೂ ಹೆಚ್ಚುಕಡಿಮೆ ಅದೇ ಎತ್ತರ, ಅದೇ ವಯಸ್ಸು. ಹಾಗಾಗಿ ದೊರೆಸಾನಿಯೇ ಹೇಳಿದಳಂತೆ, ಇವಳನ್ನು ನಿಲ್ಲಿಸಿ ಹೊಲಿ ಎಂದು. ಆ ಮನೆಯ ಪ್ರತಿಯೊಂದು ಫ್ರಾಕನ್ನೂ ಮೊದಲು ತೊಟ್ಟವಳು ನನ್ನಮ್ಮ. ಪಿನ್ನು ಚುಚ್ಚಿದ, ಕೈ ಹೊಲಿಗೆ ಹಾಕಿದ, ಇನ್ನೂ ಅಂಚು ಮಡಿಸದ ಫ್ರಾಕು ತೊಟ್ಟು ಆ ವರಾಂಡದಲ್ಲಿ ತೋಳೆತ್ತಿ ನಿಲ್ಲುತ್ತಿದ್ದಳು. ಹೊಲಿದು ಮುಗಿದ ಮೇಲೆ ಅದು ಒಳಗೆ ಹೋಗುತ್ತಿತ್ತು. ಅಮ್ಮ ತನ್ನ ಹಳೆಯ ಲಂಗ ಉಟ್ಟು ತಾತನ ಜೊತೆ ಮನೆಗೆ ನಡೆಯುತ್ತಿದ್ದಳು.

ವಾಪಸು ಬರುವಾಗ ನಾನು ರಸ್ತೆಯನ್ನೇ ನೋಡುತ್ತ ಕೂತೆ. ಕಣ್ಣಲ್ಲಿ ನೀರಿತ್ತು, ಅಮ್ಮನ ಬಗ್ಗೆ ಮರುಕವಿತ್ತು. ಆದರೆ ನಿಜ ಹೇಳಬೇಕೆಂದರೆ ಮರುಕಕ್ಕಿಂತ ಮುಂದೆ ನಿಂತದ್ದು ಹೊಟ್ಟೆಯುರಿ. ನನ್ನ ಅರವತ್ತು ದಾಟಿದ ಬದುಕಿನಲ್ಲಿ ಅಮ್ಮ ನನಗೆ ಹೇಳದ್ದನ್ನು, ಕೆಲವು ಶನಿವಾರ ಬಂದುಹೋದ ಒಬ್ಬ ಹುಡುಗಿ ನನಗೆ ಬಿಡಿಸಿ ಹೇಳುವಂತಾಯಿತಲ್ಲ.

ಮರುದಿನ ಊಟವಾದ ಮೇಲೆ ಅಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತ ಕೇಳಿಯೇಬಿಟ್ಟೆ.

"ನನಗೆ ಯಾಕಮ್ಮ ಹೇಳ್ಲಿಲ್ಲ?"

"ಏನನ್ನ?"

"ಫ್ರಾಕಿನ ವಿಷಯ. ಆ ಹುಡುಗಿಗೆ ಹೇಳಿದೆ."

ಅಮ್ಮ ಸೀರೆಯ ಅಂಚನ್ನು ಮಂಡಿಯಿಂದ ಇನ್ನಷ್ಟು ಮೇಲೆ ಸರಿಸಿಕೊಂಡಳು. ಆಮೇಲೆ, "ನಿನಗೆ ಹೇಳಿದ್ದಿದ್ರೆ ನೀನು ನಾನು ಹೊಲಿದ ಫ್ರಾಕು ಹಾಕ್ಕೊಳ್ತಿದ್ಯಾ?" ಎಂದಳು.

ನಾನು ಬಟ್ಟಲಿನಿಂದ ಇನ್ನಷ್ಟು ಎಣ್ಣೆ ತೆಗೆದುಕೊಂಡೆ. ಹಾಕಿಕೊಳ್ಳುತ್ತಿರಲಿಲ್ಲ. ಆ ವಯಸ್ಸಿನಲ್ಲಿ ನನಗಿದ್ದ ಜಂಬಕ್ಕೆ ಖಂಡಿತ ಹಾಕಿಕೊಳ್ಳುತ್ತಿರಲಿಲ್ಲ.

"ಹಾಕ್ಕೊಳ್ಳಲಿ ಅಂತ ನನಗೆ ಆಸೆ ಇತ್ತು" ಎಂದಳು ಅಮ್ಮ. "ನನ್ನ ಮಗಳು ಸಾಯಂಕಾಲದವರೆಗೂ ಹಾಕ್ಕೊಂಡಿರ್ಲಿ, ಯಾರೂ ಬಿಚ್ಚು ಅನ್ನಬಾರದು ಅಂತ."

"ಆದ್ರೆ ಮಿಸ್ಸಿಗೆ ಆದ ಹಾಗೆ ನನಗೆ ಆಗ್ಲಿಲ್ಲ ಅಂತಿದ್ಯಲ್ಲ. ಭುಜ ನೆಟ್ಟಗೆ ಕೂರಲ್ಲ ಅಂತ ಎಷ್ಟು ಸಲ ಅಂದಿದ್ದೀಯ."

"ಮಿಸ್ಸಿಗೆ ಅಂತ ನಾನ್ಯಾವಾಗ ಅಂದೆ?" ಅಮ್ಮನಿಗೆ ಆಶ್ಚರ್ಯವೇ ಆಯಿತು. "ಅವಳಿಗೆಲ್ಲಿ ಕೂರ್ತಿತ್ತು? ಕೋಲಿನ ಹಾಗಿದ್ಲು, ಭುಜ ಜಾರ್ತಿತ್ತು. ನೆಟ್ಟಗೆ ಕೂರ್ತಿದ್ದಿದ್ದು ನನಗೆ. ನನ್ನ ಮೈಮೇಲೇ ಹೊಲಿದಿದ್ದಲ್ವಾ."

ನನ್ನ ಕೈ ಅವಳ ಮಂಡಿಯ ಮೇಲೆ ಹಾಗೆಯೇ ನಿಂತಿತು. ನೆನಪಿಸಿಕೊಂಡು ನೋಡಿದೆ. ಅಮ್ಮ ಎಂದೂ ಮಿಸ್ಸಿಗೆ ಎಂದಿರಲಿಲ್ಲ. "ಅಲ್ಲಿ" ಎಂದಿದ್ದಳು. ಅಲ್ಲಿ ಎಂದರೆ ಮಿಸ್ಸಿ ಎಂದುಕೊಂಡು ಉರಿದುಕೊಂಡವಳು ನಾನು.

"ಅವಳ ಮೇಲೆ ನಿನಗೆ ಹೊಟ್ಟೆಕಿಚ್ಚು ಇರ್ಲಿಲ್ವಾ ಅಮ್ಮ?"

"ಇಲ್ದೆ ಇರುತ್ತಾ? ಬೆಂಕಿ ಹಾಗಿತ್ತು" ಎಂದು ಅಮ್ಮ ನಕ್ಕಳು. "ಅವಳು ಕೆಟ್ಟವಳೇನಲ್ಲ. ಬಿಸ್ಕತ್ತು ತಿನ್ತಾ ಬಂದು, ಅರ್ಧ ಮುರಿದು ನನ್ನ ಬಾಯಿಗೆ ಹಾಕೋಳು, ನನ್ನ ಕೈ ಎರಡೂ ಮೇಲಿರ್ತಿತ್ತಲ್ಲ. ನನಗೆ ಬಿಸ್ಕತ್ತೂ ಬೇಕು, ಅವಳೂ ಬೇಕು, ಅವಳು ಇಲ್ಲವಾಗ್ಲಿ ಅಂತಾನೂ ಅನ್ನಿಸೋದು. ಕೊನೆಗೆ ಅವರೆಲ್ಲ ಹೊರಟ್ರು. ಸ್ವಾತಂತ್ರ್ಯ ಬಂತು ಅಂತ ಕೇರಿಯವರೆಲ್ಲ ಕುಣಿದ್ರು, ನಾನೂ ಕುಣಿದೆ. ಆಮೇಲೆ ಬ್ಯಾರಕ್ಸಲ್ಲಿ ಬೇರೆ ತುತ್ತೂರಿ, ಬೇರೆ ಸಿಪಾಯಿಗಳು. ಅಪ್ಪನಿಗೆ ಎಷ್ಟೋ ದಿನ ಕೆಲಸ ಇರ್ಲಿಲ್ಲ. ಆ ಮನೆ ಮುಂದೆ ಹೋಗಿ ನೋಡಿದ್ರೆ ವರಾಂಡದಲ್ಲಿ ಒಣಗಿದೆಲೆ ಬಿದ್ದಿರ್ತಿತ್ತು. ಇಲ್ಲವಾಗ್ಲಿ ಅಂದ್ಕೊಂಡಿದ್ನಲ್ಲ, ಇಲ್ಲವಾಗಿಬಿಟ್ಲು. ನನಗೇನೂ ಖುಷಿಯಾಗ್ಲಿಲ್ಲ."

ಅಮ್ಮ ಕಣ್ಣು ಮುಚ್ಚಿದಳು. ನಿದ್ದೆ ಹತ್ತಿತೋ ಮಾತು ಸಾಕೆನಿಸಿತೋ ತಿಳಿಯಲಿಲ್ಲ. ಮಿಸ್ಸಿಯ ಮೇಲಿನ ನನ್ನ ಹಳೆಯ ಸಿಟ್ಟು ಅವತ್ತು ಇದ್ದಕ್ಕಿದ್ದಂತೆ ಕಾಲು ಕಳೆದುಕೊಂಡಿತು. ಅದರಿಂದ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಅರ್ಧ ಬಿಸ್ಕತ್ತು ಬಾಯಿಗೆ ಹಾಕಿಸಿಕೊಂಡು ತೋಳೆತ್ತಿ ನಿಂತ ಆ ಪುಟ್ಟ ಹುಡುಗಿಯನ್ನು ಮಿಸ್ಸಿ ಕಂಡಿದ್ದಳು. ಎಂ.ಎ. ಓದುವ ಹುಡುಗಿಯೂ ತನ್ನ ರೀತಿಯಲ್ಲಿ ಕಂಡಿದ್ದಳು. ನನಗೆ ಸಿಕ್ಕಿದ್ದು ಬಾಯಲ್ಲಿ ಪಿನ್ನು ಕಚ್ಚಿಕೊಂಡ, ಹುಬ್ಬು ಗಂಟಿಕ್ಕಿದ ಅಮ್ಮ ಮಾತ್ರ.

ಆ ಹುಡುಗಿಯ ಪ್ರಾಜೆಕ್ಟು ಮುಗಿಯಿತು. ಕೊನೆಯ ದಿನ ಅವಳು ಅಮ್ಮನ ಕಾಲಿಗೆ ನಮಸ್ಕಾರ ಮಾಡಿ, ನನ್ನನ್ನೂ ತಬ್ಬಿಕೊಂಡು ಹೋದಳು. ರೆಕಾರ್ಡು ಮಾಡಿದ್ದೆಲ್ಲವನ್ನೂ ನನ್ನ ಫೋನಿಗೆ ಕಳಿಸಿದ್ದಾಳೆ. ಪಾರ್ಕಿನಲ್ಲಿ ನಡೆಯುವಾಗ ಕಿವಿಗೆ ಹಾಕಿಕೊಂಡು ಕೇಳುತ್ತೇನೆ. ಅಮ್ಮ ಅದರಲ್ಲಿ ಎಷ್ಟು ನಿಧಾನವಾಗಿ, ಎಷ್ಟು ಬಿಡಿಸಿ ಹೇಳುತ್ತಾಳೆ. ಹುಡುಗಿ "ಆಮೇಲೆ?" ಎನ್ನುತ್ತಾಳೆ, ಅಮ್ಮ ಮುಂದಕ್ಕೆ ಹೋಗುತ್ತಾಳೆ. ಆ "ಆಮೇಲೆ?" ಕೇಳಿಸಿದಾಗಲೆಲ್ಲ ನನಗೆ ಈಗಲೂ ಒಳಗೆ ಚುರ್ ಎನ್ನುತ್ತದೆ. ಎಷ್ಟು ಸುಲಭದ ಮಾತು, ಇಷ್ಟು ವರ್ಷ ನನ್ನ ಬಾಯಿಗೆ ಬರಲಿಲ್ಲ.

ಈಗ ಶನಿವಾರಗಳಂದು ನಾನೇ ಅಮ್ಮನ ಎದುರು ಕೂರುತ್ತೇನೆ. ಅಡುಗೆ ಬೆಳಿಗ್ಗೆಯೇ ಮುಗಿಸಿಬಿಡುತ್ತೇನೆ. ಮೊನ್ನೆ ಕೇಳಿದೆ, "ಆ ಇಟಲಿಯವರ ಲಾರಿ ನಿಮ್ಮ ಬೀದಿಗೆ ಬರ್ತಿತ್ತಲ್ಲ ಅಮ್ಮ, ಹೇಳು."

"ನಿನಗೆ ಗೊತ್ತಲ್ಲ. ಹಾಡ್ತಿದ್ರು."

"ಅಷ್ಟು ಗೊತ್ತು. ಆಮೇಲೆ?"

ಅಮ್ಮ ನನ್ನನ್ನೇ ನೋಡಿದಳು. "ಅವಳು ಬರಲ್ವಾ ಇವತ್ತು?" ಎಂದಳು.

"ಇಲ್ಲಮ್ಮ. ನಾನೇ ಇರೋದು."

"ಹೌದಾ" ಎಂದು ಅಮ್ಮ ಸೆರಗು ಸರಿಮಾಡಿಕೊಂಡಳು. ಕಾಫಿ ಬೇಕು ಎಂದಳು. ತಂದುಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟ ಮೇಲೆ, ಒಬ್ಬ ಇಟಲಿಯವನಿಗೆ ಹಲ್ಲಿರಲಿಲ್ಲ, ಅವನೇ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ, ಎಂದು ಶುರುಮಾಡಿದಳು.